ಲಿವರ್ ಇದೆ, ರೀಲು ಇಲ್ಲ

ಜರ್ಮನಿಯ ಲೈಕಾ ಕಂಪನಿ 2018ರಲ್ಲಿ ಎಂ10-ಡಿ ಎಂಬ ಡಿಜಿಟಲ್ ಕ್ಯಾಮೆರಾ ಹೊರತಂದಿತು. ಅದರ ನೆತ್ತಿಯ ಮೇಲೆ, ಬಲಗೈ ಹೆಬ್ಬೆರಳಿಗೆ ಸಿಗುವಂತೆ, ಒಂದು ಲಿವರ್ ಇದೆ. ರೀಲಿನ ಕ್ಯಾಮೆರಾ ಬಳಸಿದವರಿಗೆ ಅದರ ಗುರುತು ಕೂಡಲೇ ಹತ್ತುತ್ತದೆ. ಒಂದು ಫೋಟೊ ತೆಗೆದ ಮೇಲೆ ಆ ಲಿವರ್ ಎಳೆದರೆ ರೀಲು ಒಂದು ಚೌಕಟ್ಟಿನಷ್ಟು ಮುಂದಕ್ಕೆ ಸರಿಯುತ್ತಿತ್ತು, ಶಟರಿನ ಸ್ಪ್ರಿಂಗು ಬಿಗಿಯಾಗುತ್ತಿತ್ತು, ಎಷ್ಟನೇ ಫೋಟೊ ಎಂಬ ಎಣಿಕೆ ಒಂದು ಏರುತ್ತಿತ್ತು. ಎಂ10-ಡಿಯ ಲಿವರಿಗೆ ಈ ಮೂರೂ ಕೆಲಸ ಇಲ್ಲ. ಅದನ್ನು ಹೊರಗೆಳೆದರೆ ಹೆಬ್ಬೆರಳು ಒರಗಿಸಲು ಒಂದು ಆಸರೆ ಸಿಗುತ್ತದೆ. 2004ರಲ್ಲಿ ಬಂದ ಎಪ್ಸನ್ ಆರ್-ಡಿ1 ಕೂಡ ಡಿಜಿಟಲ್ ಕ್ಯಾಮೆರಾವೇ, ಅದರಲ್ಲೂ ಲಿವರ್ ಇತ್ತು. ಆದರೆ ಅದನ್ನು ಎಳೆಯದೆ ಶಟರ್ ಬಿಗಿಯಾಗುತ್ತಿರಲಿಲ್ಲ. 2024ರ ಪೆಂಟ್ಯಾಕ್ಸ್ 17ರಲ್ಲಿ ಲಿವರಿನ ಹಿಂದೆ ನಿಜವಾದ ರೀಲೇ ಇದೆ. 2025ರ ಫ್ಯೂಜಿಫಿಲ್ಮ್ ಎಕ್ಸ್ ಹಾಫ್‌ನಲ್ಲಿ ರೀಲಿಲ್ಲ, ಆದರೂ ಅದರ ‘ಫಿಲ್ಮ್ ಕ್ಯಾಮೆರಾ’ ವಿಧಾನಕ್ಕೆ ಹೋದರೆ ಲಿವರ್ ಎಳೆಯದೆ ಮುಂದಿನ ಫೋಟೊ ತೆಗೆಯಲು ಆಗುವುದಿಲ್ಲ. ನೋಡಲು ನಾಲ್ಕೂ ಲಿವರುಗಳು ಒಂದೇ ಜಾತಿಯವು. ಒಂದು ರೀಲನ್ನು ಸರಿಸುತ್ತದೆ, ಒಂದು ಯಂತ್ರವನ್ನು ಬಿಗಿಯುತ್ತದೆ, ಒಂದು ತೆಗೆಯುವವನ ಅವಸರಕ್ಕೆ ತಡೆ ಹಾಕುತ್ತದೆ, ಒಂದು ಬೆರಳಿಗೆ ಒರಗುಗಂಬವಾಗುತ್ತದೆ. ಹಳೆಯ ರೂಪ ತೊಟ್ಟು ಬರುವ ಹೊಸ ಕ್ಯಾಮೆರಾಗಳ ಬಗ್ಗೆ ನಡೆಯುವ ಚರ್ಚೆಯನ್ನೆಲ್ಲ ಈ ನಾಲ್ಕು ಲಿವರುಗಳಲ್ಲೇ ಕಾಣಬಹುದು. ರೂಪವೇ ಮುಖ್ಯ ಎನ್ನುವವರೂ ಕೆಲಸವೇ ಮುಖ್ಯ ಎನ್ನುವವರೂ ಎರಡು ಪಂಗಡವಾಗಿ ನಿಂತಿದ್ದಾರೆ. ಎರಡೂ ಕಡೆಯವರು ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ: ಈ ರೂಪ ಹುಟ್ಟಿದ್ದಕ್ಕೆ ಇದ್ದ ಕಾರಣ ಇನ್ನೂ ಜೀವಂತವಾಗಿದೆಯೇ?

ಈ ಪ್ರಶ್ನೆಯನ್ನು ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳಿಗೆ, ಎಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೆ ಒಯ್ದು ನೋಡುವುದು ಒಳ್ಳೆಯದು. ಕ್ಯಾಮೆರಾ ಕಂಪನಿಗಳ ಜಾಹೀರಾತಿನಲ್ಲಿ ಕಾಣುವ ಮಂಜು ಮುಸುಕಿದ ಬೀದಿ, ಕಾಫಿ ಮೇಜು ಇಲ್ಲಿಲ್ಲ. ಬಯಲುಸೀಮೆಯ ಬಿರುಬಿಸಿಲಿದೆ, ಕೆಮ್ಮಣ್ಣಿನ ಧೂಳಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಓಡುವ ಕೃಷ್ಣಮೃಗಗಳಿವೆ, ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಿವೆ. ಕೊರಟಗೆರೆಯ ಕಡೆ ಸಿದ್ಧರಬೆಟ್ಟ, ಗೊರವನಹಳ್ಳಿಯ ಮಹಾಲಕ್ಷ್ಮಿ ದೇವಸ್ಥಾನದ ಜನಸಂದಣಿ, ಮದುವೆ ಛತ್ರಗಳ ಮಬ್ಬು ಬೆಳಕು ಇವೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿದ 2,050 ಮೆಗಾವ್ಯಾಟ್‌ನ ಸೌರವಿದ್ಯುತ್ ಪಾರ್ಕ್ ಇದೆ. ಕ್ಯಾಮೆರಾ ಮಾಡಬೇಕಾದ ಕೆಲಸದ ಬಗೆಗಳೆಲ್ಲ ಒಂದು ದಿನದ ಓಡಾಟದೊಳಗೆ ಸಿಗುವ ಸೀಮೆ ಇದು. ಯಾವ ವಿನ್ಯಾಸ ಚೆನ್ನ ಎಂಬುದನ್ನು ಮಳಿಗೆಯ ಗಾಜಿನ ಕಪಾಟಿನಲ್ಲಿ ಇಟ್ಟು ತೀರ್ಮಾನಿಸುವುದಕ್ಕಿಂತ ಇಂಥ ಕಡೆ ಕೆಲಸಕ್ಕೆ ಹಚ್ಚಿ ತೀರ್ಮಾನಿಸುವುದು ನ್ಯಾಯ.

ಮೊದಲಿಗೆ, ಹಳೆಯ ರೂಪ ಈಗಲೇ ಏಕೆ ಮರಳಿ ಬಂತು? ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದ ಪ್ರಕಾರ 2010ರಲ್ಲಿ ಪ್ರಪಂಚದ ಮಾರುಕಟ್ಟೆಗೆ ಹೋದ ಡಿಜಿಟಲ್ ಕ್ಯಾಮೆರಾಗಳ ಸಂಖ್ಯೆ 12 ಕೋಟಿ ದಾಟಿತ್ತು. 2023ರ ಹೊತ್ತಿಗೆ ಅದು 80 ಲಕ್ಷಕ್ಕಿಂತ ಕೆಳಗಿಳಿಯಿತು. ನಡುವೆ ಆದದ್ದೇನೆಂದು ಎಲ್ಲರಿಗೂ ಗೊತ್ತು: ಮೊಬೈಲು ಬಂತು. ನೆನಪಿಗೊಂದು ಫೋಟೊ ತೆಗೆಯುವ ಕೆಲಸವನ್ನು ಮೊಬೈಲು ಪೂರ್ತಿ ವಹಿಸಿಕೊಂಡ ಮೇಲೆ, ಕ್ಯಾಮೆರಾ ಕೊಳ್ಳಲು ಬೇರೊಂದು ಕಾರಣ ಹುಡುಕಿಕೊಡಬೇಕಾಯಿತು. ಕೆಲವು ಕಂಪನಿಗಳು ಮೊಬೈಲಿಗೆ ಆಗದ ಕೆಲಸದ ಕಡೆ ಹೋದವು. ಉದ್ದ ಲೆನ್ಸು, ಸೆಕೆಂಡಿಗೆ 20 ಫೋಟೊ, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಫೋಕಸ್ ಕೊಟ್ಟವು. ಇನ್ನು ಕೆಲವು ಮೊಬೈಲಿಗೆ ಇಲ್ಲದ ಅನುಭವವನ್ನು ಕೊಡಲು ಹೊರಟವು. ಒಲಿಂಪಸ್ ತನ್ನ 1959ರ ಪೆನ್ ಕ್ಯಾಮೆರಾದ ರೂಪವನ್ನು ಐವತ್ತು ವರ್ಷದ ನಂತರ 2009ರಲ್ಲಿ ಡಿಜಿಟಲ್ ಆಗಿ ತಂದಿತು. 2010ರಲ್ಲಿ ಘೋಷಣೆಯಾದ ಫ್ಯೂಜಿಫಿಲ್ಮ್ ಎಕ್ಸ್100 ಈ ದಾರಿಯನ್ನು ಹೆದ್ದಾರಿ ಮಾಡಿತು. ನಿಕಾನ್ 2013ರಲ್ಲಿ ಡಿಎಫ್, 2021ರಲ್ಲಿ ಝಡ್ ಎಫ್‌ಸಿ, 2023ರಲ್ಲಿ ಝಡ್ ಎಫ್ ತಂದಿತು. ಕೊನೆಯ ಎರಡರ ಮೈಕಟ್ಟು 1982ರಲ್ಲಿ ಹೊರಬಂದ ಎಫ್ಎಂ2ನದು. 2024ರ ಎಕ್ಸ್100-6ಕ್ಕಂತೂ ಜನ ಹೆಸರು ಬರೆಸಿ ಕಾದು ನಿಂತರು. ಇಷ್ಟು ದೊಡ್ಡ ಬೇಡಿಕೆಯನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ. ಜನ ಇಲ್ಲಿ ಏನನ್ನೋ ಹುಡುಕುತ್ತಿದ್ದಾರೆ. ಅದು ಅವರಿಗೆ ನಿಜವಾಗಿ ಸಿಗುತ್ತಿದೆಯೇ ಎಂದು ನೋಡಬೇಕು.

ಹಳೆಯ ಕ್ಯಾಮೆರಾಗಳ ರೂಪವನ್ನು ಯಾರೂ ಅಂದಕ್ಕೆಂದು ಕೂತು ಬರೆದದ್ದಲ್ಲ. ರೀಲು ಎಡಗಡೆಯ ಡಬ್ಬಿಯಿಂದ ಬಲಗಡೆಯ ಸುರುಳಿಗೆ ಅಡ್ಡಲಾಗಿ ಹಾದುಹೋಗಬೇಕಿತ್ತು, ಅದಕ್ಕೇ ಮೈ ಅಗಲವಾಗಿ ಚಪ್ಪಟೆಯಾಗಿತ್ತು. ಲೆನ್ಸಿನ ಮೂಲಕ ಬಂದ ಬಿಂಬವನ್ನು ಕನ್ನಡಿಯಿಂದ ಮೇಲಕ್ಕೆ ಕಳಿಸಿ, ಗಾಜಿನ ಪಟ್ಟಕದಲ್ಲಿ ತಿರುಗಿಸಿ ಕಣ್ಣಿಗೆ ಮುಟ್ಟಿಸಬೇಕಿತ್ತು, ಅದಕ್ಕೇ ನೆತ್ತಿಯ ಮೇಲೆ ಗೋಪುರದಂಥ ಉಬ್ಬು ಬಂತು. ಶಟರಿನ ವೇಗದ ಡಯಲಿನ ಕೆಳಗೆ ನಿಜವಾದ ಹಲ್ಲುಚಕ್ರಗಳಿದ್ದವು, ಆದ್ದರಿಂದ ವೇಗ 125, 250, 500 ಎಂದು ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕಿತ್ತು. ಲೆನ್ಸಿನ ಮೇಲಿನ ಉಂಗುರ ಒಳಗಿನ ಅಪರ್ಚರ್ ರೆಕ್ಕೆಗಳಿಗೆ ನೇರವಾಗಿ ಹೊಂದಿಕೊಂಡಿತ್ತು. ರೀಲು ಬೆಳಕಿಗೆ ಎಷ್ಟು ಸೂಕ್ಷ್ಮ ಎಂದು ಹೇಳುವ ಎಎಸ್ಎ ಗುಂಡಿಯನ್ನು ರೀಲು ತುಂಬಿದಾಗ ಒಮ್ಮೆ ಹೊಂದಿಸಿದರೆ ಆ 36 ಫೋಟೊ ಮುಗಿಯುವ ತನಕ ಮುಟ್ಟುವಂತಿರಲಿಲ್ಲ. ಹೀಗೆ ಒಂದೊಂದು ಉಬ್ಬಿಗೂ ಒಂದೊಂದು ಗುಂಡಿಗೂ ಒಳಗೆ ಒಂದು ಕಾರಣವಿತ್ತು. ಆ ಕಾರಣಗಳು ಎಲೆಕ್ಟ್ರಾನಿಕ್ಸ್ ಬಂದ ಮೇಲೆ ಒಂದೊಂದಾಗಿ ಕಳಚಿದವು. 1985ರ ಮಿನೋಲ್ಟಾ 7000ರಲ್ಲಿ ಡಯಲುಗಳ ಜಾಗಕ್ಕೆ ಒತ್ತುಗುಂಡಿ ಬಂದವು. 1986ರ ಕ್ಯಾನನ್ ಟಿ90ಯ ರೂಪಕ್ಕೆ ಲುಯಿಜಿ ಕೊಲಾನಿ ಎಂಬ ಜರ್ಮನ್ ವಿನ್ಯಾಸಕನ ಕೈ ಸೇರಿತು. ಬಲಗೈ ತುಂಬುವ ಹಿಡಿ, ತೋರುಬೆರಳಿನ ತುದಿಗೆ ಒಂದೇ ಒಂದು ಚಕ್ರ, ಅಂಕಿ ತೋರಿಸುವ ಪುಟ್ಟ ಪರದೆ ಅದರಲ್ಲಿದ್ದವು. ಕಣ್ಣು ವ್ಯೂಫೈಂಡರಿನಲ್ಲಿ ಇಟ್ಟಂತೆಯೇ ಎಲ್ಲವನ್ನೂ ಬದಲಿಸಬಹುದಾಯಿತು. ಇಂದಿನ ಕೆಲಸಗಾರ ಕ್ಯಾಮೆರಾಗಳ ಮೈಕಟ್ಟು ಬಹುಮಟ್ಟಿಗೆ ಆ ಟಿ90ಯದೇ. ಡಯಲುಗಳು ಹೋದದ್ದು ಯಾರೋ ಸೌಂದರ್ಯ ಮರೆತದ್ದರಿಂದಲ್ಲ. ಬೆರಳಿಗೂ ಕಣ್ಣಿಗೂ ಅದಕ್ಕಿಂತ ಸಲೀಸಾದ ದಾರಿ ಸಿಕ್ಕಿದ್ದರಿಂದ.

ಈಗ ಹೊಸ ಕ್ಯಾಮೆರಾಗಳ ಹಳೆಯ ಭಾಗಗಳನ್ನು ಒಂದೊಂದಾಗಿ ಕೈಗೆತ್ತಿಕೊಳ್ಳೋಣ. ನಿಕಾನ್ ಡಿಎಫ್, ಝಡ್ ಎಫ್‌ಸಿ, ಝಡ್ ಎಫ್ ಮೂರರ ಶಟರ್ ಡಯಲಿನಲ್ಲೂ ಕೆತ್ತಿದ ಅಂಕಿಗಳ ಜೊತೆಗೆ ‘1/3 ಸ್ಟೆಪ್’ ಎಂಬ ಒಂದು ಸ್ಥಾನವಿದೆ. ಡಯಲನ್ನು ಅಲ್ಲಿಗೆ ತಿರುಗಿಸಿಟ್ಟರೆ ಶಟರ್ ವೇಗದ ಅಧಿಕಾರ ಹಿಂದಿನ ಸಾಮಾನ್ಯ ಚಕ್ರಕ್ಕೆ ಹೋಗುತ್ತದೆ. 250 ಮತ್ತು 500ರ ನಡುವಿನ ವೇಗಗಳು ಆಗ ಸಿಗುತ್ತವೆ. ಫ್ಯೂಜಿಯ ಡಯಲಿನಲ್ಲಿ ಇದೇ ಕೆಲಸಕ್ಕೆ ‘ಟಿ’ ಎಂಬ ಅಕ್ಷರವಿದೆ. ಅಂಕಿ ಕೆತ್ತಿದ ಡಯಲೊಂದೇ ಸಾಲದು ಎಂದು ತಯಾರಕರೇ ಆ ಡಯಲಿನ ಮೇಲೆ ಕೆತ್ತಿಕೊಟ್ಟ ಹಾಗಾಯಿತು. ಝಡ್ ಎಫ್ ಜೊತೆ ಕೊಡುವ 40 ಮಿ.ಮೀ. ಲೆನ್ಸಿನ ಹೊರಮೈ ಹಳೆಯ ನಿಕ್ಕಾರ್ ಲೆನ್ಸಿನಂತಿದೆ, ಆದರೆ ಅಪರ್ಚರ್ ಅಂಕಿ ಕೆತ್ತಿದ ಉಂಗುರ ಅದರಲ್ಲಿಲ್ಲ. ಆ ಅಂಕಿ ಕ್ಯಾಮೆರಾದ ನೆತ್ತಿಯಲ್ಲಿ, ಒಂದು ಪುಟ್ಟ ಕಿಟಕಿಯಲ್ಲಿ ಕಾಣುತ್ತದೆ. ಎಕ್ಸ್100 ಸಾಲಿನಲ್ಲಿ 2017ರ ಮಾದರಿಯಿಂದ ಐಎಸ್ಒವನ್ನು, ಎಂದರೆ ಹಳೆಯ ಎಎಸ್ಎಯನ್ನೇ, ಶಟರ್ ಡಯಲಿನೊಳಗಿನ ಕಿಂಡಿಯಲ್ಲಿ ಇಟ್ಟರು; ಹೊರ ಉಂಗುರವನ್ನು ಮೇಲಕ್ಕೆತ್ತಿ ತಿರುಗಿಸಬೇಕು. ರೀಲಿನ ಕಾಲಕ್ಕೆ ಅದು ಜಾಣತನ, ಏಕೆಂದರೆ 36 ಫೋಟೊಗೆ ಒಮ್ಮೆ ಮುಟ್ಟುವ ಗುಂಡಿ ಅಕಸ್ಮಾತ್ತಾಗಿ ತಿರುಗಬಾರದಿತ್ತು. ಡಿಜಿಟಲ್ಲಿನಲ್ಲಿ ಐಎಸ್ಒ ಫೋಟೊದಿಂದ ಫೋಟೊಗೆ ಬದಲಾಗುವ ಸಂಗತಿ. ಅತಿ ಹೆಚ್ಚು ಬದಲಿಸುವುದನ್ನು ಅತಿ ಕಷ್ಟದ ಜಾಗದಲ್ಲಿ ಇಟ್ಟದ್ದಕ್ಕೆ ಹಳೆಯದನ್ನು ಹೋಲಬೇಕೆಂಬುದನ್ನು ಬಿಟ್ಟರೆ ಬೇರೆ ಸಮರ್ಥನೆ ಕಾಣುವುದಿಲ್ಲ.

ಆದರೆ ಅದೇ ಎಕ್ಸ್100ರ ನೆತ್ತಿಯ ಬಲತುದಿಯಲ್ಲಿ ಇನ್ನೊಂದು ಡಯಲಿದೆ. ಬೆಳಕನ್ನು ಕ್ಯಾಮೆರಾ ಅಳೆದದ್ದಕ್ಕಿಂತ ಹೆಚ್ಚಿಸಲು, ತಗ್ಗಿಸಲು ಇರುವ ಎಕ್ಸ್‌ಪೋಷರ್ ಪರಿಹಾರದ ಡಯಲು ಅದು. ಅದರ ಬೆಲೆ ಗೊತ್ತಾಗುವುದು ಕಗ್ಗಲಡುವಿನಲ್ಲಿ. ಅಲ್ಲಿ ಬಣ್ಣದ ಕೊಕ್ಕರೆ, ಬೂದು ಬಕಗಳು ಊರ ನಡುವಿನ ಹುಣಸೆಮರಗಳಲ್ಲಿ ಮರಿ ಮಾಡುತ್ತವೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಂತೆ ಇಲ್ಲೂ ಊರವರೇ ಹಕ್ಕಿಗಳನ್ನು ಕಾಯುತ್ತಾ ಬಂದಿದ್ದಾರೆ. ಹುಣಸೆ ಎಲೆಯ ಕಡುಹಸಿರಿನ ಮುಂದೆ ಬೆಳ್ಳನೆಯ ಕೊಕ್ಕರೆ ಕೂತಿದ್ದರೆ ಕ್ಯಾಮೆರಾದ ಬೆಳಕಿನ ಮಾಪಕ ಮೋಸಹೋಗುತ್ತದೆ. ಚೌಕಟ್ಟಿನ ತುಂಬ ಕಪ್ಪಿದೆ ಎಂದು ತಿಳಿದು ಬೆಳಕು ಹೆಚ್ಚಿಸುತ್ತದೆ; ಕೊಕ್ಕರೆಯ ಬಿಳಿಗರಿ ಸುಣ್ಣ ಬಳಿದಂತಾಗಿ, ಗರಿಯ ಗೆರೆಗಳು ಮಾಯವಾಗುತ್ತವೆ, ರೆಕ್ಕೆಯ ಗುಲಾಬಿ ಛಾಯೆಯೂ ತೊಳೆದುಹೋಗುತ್ತದೆ. ಆಗ ಡಯಲನ್ನು ಹೆಬ್ಬೆರಳಿನಿಂದ ಒಂದು ಮೆಟ್ಟಿಲು ಕೆಳಗಿಳಿಸಿದರೆ ಗರಿಗಳು ಮರಳಿ ಬರುತ್ತವೆ. ಹಕ್ಕಿ ಹಾರಿ ಬಿಳಿಚಿದ ಆಕಾಶಕ್ಕೆ ಬಂದರೆ ಲೆಕ್ಕ ತಿರುಗುಮುರುಗು, ಡಯಲನ್ನು ಮೇಲಕ್ಕೆ ತಿರುಗಿಸಬೇಕು. ಎಷ್ಟು ತಿರುಗಿದೆ ಎಂಬುದು ಕ್ಯಾಮೆರಾ ಆಫ್ ಆಗಿದ್ದಾಗಲೂ ಕಣ್ಣಿಗೆ ಕಾಣುತ್ತದೆ, ಬೆರಳಿಗೂ ಗೊತ್ತಾಗುತ್ತದೆ. ಬೆಳಕು ಬದಲಾಗುವುದು, ಮಾಪಕ ತಪ್ಪುವುದು, ಮನುಷ್ಯ ತಿದ್ದುವುದು ರೀಲಿನ ಕಾಲಕ್ಕೆ ಮುಗಿದ ವಿಷಯಗಳಲ್ಲ. ಇಲ್ಲಿ ರೂಪವೂ ಹಳೆಯದು, ಕಾರಣವೂ ಹಳೆಯದು, ಆದರೆ ಕಾರಣ ಬದುಕಿದೆ. ಹಾಗಾಗಿ ರೂಪಕ್ಕೂ ಬದುಕುವ ಹಕ್ಕಿದೆ. ಲೆನ್ಸಿನ ಮಾತಿಗೂ ಇದೇ ತೂಕದ ಅಳತೆ ಸಾಕು. ಕೊಕ್ಕರೆಯ ಕಣ್ಣನ್ನೇ ಹಿಡಿಯಬೇಕೆಂದರೆ 600 ಮಿ.ಮೀ. ಲೆನ್ಸು ಬೇಕು. ಮರ, ಮರದ ಕೆಳಗಿನ ಮನೆ, ಮನೆಯ ಅಂಗಳ, ಮೇಲೆ ಗೂಡು ಇವೆಲ್ಲ ಒಂದೇ ಚೌಕಟ್ಟಿನಲ್ಲಿ ಕೂತು, ಊರೂ ಹಕ್ಕಿಯೂ ಒಟ್ಟಿಗೆ ಬಾಳುವುದನ್ನು ಹೇಳಬೇಕೆಂದರೆ ಎಕ್ಸ್100ರ ಅಗಲನೋಟದ ಸ್ಥಿರ ಲೆನ್ಸೇ ಸರಿ. ಅದರ ಶಟರು ಸದ್ದು ಮಾಡದಿರುವುದೂ ಗೂಡಿನ ಹತ್ತಿರ ದೊಡ್ಡ ಗುಣ.

ಮೈದನಹಳ್ಳಿಗೆ ಬಂದರೆ ಮಾತು ಬೇರೆ. ಇಲ್ಲಿನ ಸುಮಾರು 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಬಯಲು ಬಟಾಬಯಲು, ಮರೆ ಇಲ್ಲ. ಮೃಗಗಳಿಗೆ ತೊಂದರೆಯಾಗದಂತೆ ದೂರವೇ ನಿಲ್ಲಬೇಕು. ಆ ದೂರಕ್ಕೆ ಬೇಕಾದ ಉದ್ದ ಝೂಮ್ ಲೆನ್ಸುಗಳೇ ಎರಡು ಕಿಲೊ ಆಸುಪಾಸು ತೂಗುತ್ತವೆ. ಬೆದರಿದ ಕೃಷ್ಣಮೃಗ ಗಂಟೆಗೆ 80 ಕಿ.ಮೀ. ವೇಗ ಮುಟ್ಟಬಲ್ಲದು, ಎಂದರೆ ಸೆಕೆಂಡಿಗೆ 22 ಮೀಟರು. ಶಟರ್ 250ರಲ್ಲಿದ್ದರೆ, ಎಂದರೆ ಸೆಕೆಂಡಿನ 250ನೇ ಒಂದು ಭಾಗಕ್ಕಿದ್ದರೆ, ಅದು ತೆರೆದು ಮುಚ್ಚುವಷ್ಟರಲ್ಲಿ ಮೃಗ ಸುಮಾರು 9 ಸೆಂ.ಮೀ. ಮುಂದೆ ಹೋಗಿರುತ್ತದೆ, ಕೊಂಬಿನ ಸುರುಳಿ ಅಳಿಸಿಹೋಗುತ್ತದೆ. 2000ಕ್ಕೆ ಏರಿಸಿದರೆ ಒಂದು ಸೆಂ.ಮೀ. ಆಚೀಚೆ, ಸುರುಳಿಯ ಏಣುಗಳೂ ಉಳಿಯುತ್ತವೆ. ಮೇಯುತ್ತಿದ್ದ ಮೃಗ ಚಂಗನೆ ನೆಗೆದು ಓಡುವ ಆ ಗಳಿಗೆಯಲ್ಲಿ ಶಟರ್ ವೇಗ, ಫೋಕಸಿನ ಬಗೆ, ಒಂದೇ ಸಮನೆ ತೆಗೆಯುವ ವಿಧಾನ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಕೆಲಸಗಾರ ಕ್ಯಾಮೆರಾದಲ್ಲಿ ಈ ಮೂರನ್ನೂ ಮೊದಲೇ ಒಂದು ಗುಂಡಿಗೆ ಕಟ್ಟಿಡಬಹುದು. ಒತ್ತಿದರೆ ಮೂರೂ ಒಮ್ಮೆಗೇ ಬದಲಾಗುತ್ತವೆ. ಅಂಕಿ ಕೆತ್ತಿದ ಡಯಲಿಗೆ ಇದು ಒಗ್ಗದು, ಏಕೆಂದರೆ ಕ್ಯಾಮೆರಾದ ಮಿದುಳು 2000 ಎಂದರೂ ಡಯಲಿನ ಗೆರೆ 250ರ ಎದುರೇ ನಿಂತಿರುತ್ತದೆ. ಹಿಡಿಯ ವಿಷಯವೂ ಹೀಗೆಯೇ. ಝಡ್ ಎಫ್ ಒಳಗಿನ ಸಂಸ್ಕಾರಕ ನಿಕಾನಿನ ಅತಿ ದುಬಾರಿ ಝಡ್9ರಲ್ಲಿರುವುದೇ. ಹಕ್ಕಿ, ಪ್ರಾಣಿಗಳ ಕಣ್ಣು ಹುಡುಕುವ ಜಾಣ್ಮೆ ಅದಕ್ಕೂ ಇದೆ. ಬ್ಯಾಟರಿ, ಕಾರ್ಡು ಸೇರಿ 710 ಗ್ರಾಂ ತೂಗುವ ಅದರ ಚಪ್ಪಟೆ ಮೈಗೆ ಎರಡು ಕಿಲೊ ಲೆನ್ಸು ಸಿಕ್ಕಿಸಿದರೆ ಮಾತ್ರ ಬೆರಳುಗಳಿಗೆ ಕಚ್ಚಿಹಿಡಿಯಲು ಜಾಗ ಸಾಲದು. ಅದಕ್ಕೆಂದೇ ಬೇರೆ ಹಿಡಿಗಳು ಮಾರಾಟಕ್ಕಿವೆ. ಒಳಗೆ ಹೊಸ ಮಿದುಳಿದ್ದೂ ಹೊರಗೆ ರೀಲಿನ ದಾರಿಗಾಗಿ ಹುಟ್ಟಿದ ಚಪ್ಪಟೆತನವನ್ನು ಉಳಿಸಿಕೊಂಡದ್ದರ ಬೆಲೆ ಅದು. ರೀಲಿನ ಕಾಲದಲ್ಲಿ ಈ ನಾಡಿನ ಕಾಡು, ಹಕ್ಕಿಗಳನ್ನು ಜಗತ್ತಿಗೆ ತೋರಿಸಿದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಎಂ.ವೈ. ಘೋರ್ಪಡೆ ಅವರ ಸಾಧನೆ ಒಂದು ರೀಲಿಗೆ 36 ಫೋಟೊ ಎಂಬ ಮಿತಿಯನ್ನು ತಾಳ್ಮೆಯಿಂದ ಗೆದ್ದ ಸಾಧನೆ. ಅವರಿಂದ ಕಲಿಯಬೇಕಾದದ್ದು ಆ ತಾಳ್ಮೆಯನ್ನು, ಅವರ ಕ್ಯಾಮೆರಾದ ಹೊರಮೈಯನ್ನಲ್ಲ.

ಕೆಲಸ ಎಂದರೆ ಕಾಡುಪ್ರಾಣಿ, ಹಕ್ಕಿ ಮಾತ್ರ ಎಂದುಕೊಳ್ಳಬಾರದು. ಈ ತಾಲ್ಲೂಕುಗಳಲ್ಲಿ ಕ್ಯಾಮೆರಾದಿಂದ ಅನ್ನ ದುಡಿಯುವವರು ಬಹುತೇಕ ಮದುವೆ, ಗೃಹಪ್ರವೇಶ, ನಾಮಕರಣಗಳ ಸ್ಟುಡಿಯೊದವರು. ಛತ್ರದ ಒಳಗೆ ಟ್ಯೂಬ್‌ಲೈಟಿನ ಮಬ್ಬು, ಬಾಗಿಲಾಚೆ ಕಣ್ಣು ಕುಕ್ಕುವ ಬಿಸಿಲು. ಧಾರೆಯ ಹೊತ್ತು ವಧೂವರರ ಕೈಮೇಲೆ ಹಾಲು ನೀರು ಬೀಳುವುದು ಕೆಲವೇ ಕ್ಷಣ. ಗಟ್ಟಿಮೇಳ ಮೊಳಗಿ ಅಕ್ಷತೆ ಬಿದ್ದಾಗ ಇನ್ನೊಮ್ಮೆ ಬೀಳಿಸಿ ಎನ್ನಲಾಗದು. ಇಲ್ಲಿ ಬೇಕಾದ ಮೊದಲ ಗುಣ ಹೊರಗೆ ಕಾಣುವಂಥದ್ದೇ ಅಲ್ಲ. ಒಂದೇ ಫೋಟೊವನ್ನು ಎರಡು ಕಾರ್ಡುಗಳಲ್ಲಿ ಏಕಕಾಲಕ್ಕೆ ಬರೆಯುವ ಸೌಲಭ್ಯ ಅದು. ಒಂದು ಕಾರ್ಡು ಕೆಟ್ಟರೂ ಮದುವೆ ಉಳಿಯುತ್ತದೆ, ಸ್ಟುಡಿಯೊದವರ ಮಾನವೂ ಉಳಿಯುತ್ತದೆ. ಎಕ್ಸ್100-6ಕ್ಕೂ ಝಡ್ ಎಫ್‌ಸಿಗೂ ಕಾರ್ಡಿನ ಜಾಗ ಒಂದೇ. ಝಡ್ ಎಫ್‌ಗೆ ಎರಡಿವೆ, ಆದರೆ ಎರಡನೆಯದು ಮೊಬೈಲಿಗೆ ಹಾಕುವಂಥ ಉಗುರಗಲದ ಮೈಕ್ರೊ ಕಾರ್ಡು, ಬ್ಯಾಟರಿ ಗೂಡಿನೊಳಗೆ ಕೂರುವಂಥದ್ದು; ಅವಸರದಲ್ಲಿ ಬದಲಿಸಲು ಹೋದರೆ ನೆಲಕ್ಕೆ ಬಿದ್ದು ರಂಗೋಲಿ ಪುಡಿಯಲ್ಲಿ ಕಳೆದುಹೋಗುವಷ್ಟು ಚಿಕ್ಕದು. ಮದುವೆ ಮಾಡುವ ಮನೆಯವರು ಫೋಟೊ, ವಿಡಿಯೊ ಎರಡನ್ನೂ ಕೇಳುತ್ತಾರೆ. 2013ರ ಡಿಎಫ್‌ನಲ್ಲಿ ವಿಡಿಯೊವನ್ನೇ ಬಿಟ್ಟರು, ಅದೇ ಅದರ ಶುದ್ಧತೆ ಎಂದು ಬಣ್ಣಿಸಿದರು. ಹವ್ಯಾಸಿಗೆ ಅದು ಶುದ್ಧತೆ ಆಗಬಹುದು. ಸಾಲ ಮಾಡಿ ಕೆಲವು ವರ್ಷಕ್ಕೊಮ್ಮೆ ಒಂದು ಕ್ಯಾಮೆರಾ ಕೊಳ್ಳುವ ದುಡಿಮೆಗಾರನಿಗೆ ಅದು ಕೈತಪ್ಪಿದ ಸಂಪಾದನೆ. ‘ಜನ ಕೇಳಿದ್ದನ್ನು ಕಂಪನಿ ಮಾಡಿ ಮಾರುತ್ತದೆ, ಅದರಲ್ಲಿ ಯಾರಿಗೇನು ನಷ್ಟ’ ಎಂಬ ವಾದಕ್ಕೆ ಇದೇ ಉತ್ತರ: ಎರಡು ಕ್ಯಾಮೆರಾ ಇಟ್ಟುಕೊಳ್ಳಬಲ್ಲವರಿಗೆ ನಷ್ಟವಿಲ್ಲ, ಒಂದೇ ಕ್ಯಾಮೆರಾದಲ್ಲಿ ಮನೆ ನಡೆಸುವವರಿಗೆ ಇದೆ.

ಇಷ್ಟು ಹೇಳಿದ ಮೇಲೆ ಹೊಸ ರೂಪದ ಕ್ಯಾಮೆರಾಗಳೆಲ್ಲ ಕೆಲಸಕ್ಕೆ ಹೇಳಿ ಮಾಡಿಸಿದವು ಎಂದು ತಿಳಿದರೆ ಅದೂ ತಪ್ಪು. ಪಾವಗಡದ ಬೇಸಿಗೆಯ ಮಧ್ಯಾಹ್ನ ಸೌರಫಲಕಗಳ ಸಾಲಿನ ನಡುವೆ ನಿಂತು ಕ್ಯಾಮೆರಾದ ಹಿಂದಿನ ಪರದೆ ನೋಡಿದರೆ ಕಾಣುವುದು ತಮ್ಮದೇ ಮುಖದ ಮಸುಕು ನೆರಳು. ಪರದೆಯ ಬೆಳಕು ಸೂರ್ಯನ ಬೆಳಕಿನ ಮುಂದೆ ಸೋಲುತ್ತದೆ. ಆಗ ಮುಟ್ಟುಪರದೆಯಲ್ಲಿ ಹೊಕ್ಕು, ಮೆನುವಿನ ಒಂದು ಪುಟದಿಂದ ಇನ್ನೊಂದಕ್ಕೆ ಹೋಗಿ ಬೇಕಾದ್ದನ್ನು ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದಂತೆ. ಲೋಹದ ಡಯಲಿನಲ್ಲಿ ಬಿಳಿ ಬಣ್ಣ ತುಂಬಿ ಕೆತ್ತಿದ ಅಂಕಿ ಮಾತ್ರ ಅದೇ ಬಿಸಿಲಿನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಎಲ್ಲವನ್ನೂ ಮೆನುವಿಗೆ ತಳ್ಳಿ ಮೈಯನ್ನು ನುಣ್ಣಗೆ ಮಾಡುವುದು ಆಧುನಿಕವಾಗಿ ಕಂಡರೂ ಕೆಲಸಕ್ಕೆ ಒದಗುವುದಿಲ್ಲ. ಅದೂ ಬರೀ ನೋಟಕ್ಕಾಗಿ ಮಾಡಿದ ವಿನ್ಯಾಸವೇ, ಹಳೆಯದರ ಬದಲು ಹೊಸದನ್ನು ಹೋಲುತ್ತದೆ ಅಷ್ಟೇ. ಧೂಳಿನ ವಿಷಯದಲ್ಲಿ ಎರಡು ಬಗೆಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಕಡಲೆಕಾಯಿ ಹೊಲದ ಮೇಲಿಂದ ಬೀಸುವ ಗಾಳಿ ಹೊತ್ತು ತರುವ ಧೂಳಿಗೆ ಎಕ್ಸ್100-6 ಪೂರ್ತಿ ತಡೆ ಒಡ್ಡಬೇಕಾದರೆ ಲೆನ್ಸಿಗೆ ಬೇರೆ ಉಂಗುರ, ಫಿಲ್ಟರು ಕೊಂಡು ಹಾಕಬೇಕು. ಫ್ಯೂಜಿಯ ಎಕ್ಸ್-ಟಿ5 ಕೂಡ ಹಳೆಯ ರೂಪದ್ದೇ, ಅದರ ಮೈಗೆ ಧೂಳು, ತುಂತುರು ತಡೆಯುವ ಬಿಗಿ ಮೊದಲೇ ಇದೆ. ಹಳೆಯ ನೋಟಕ್ಕೂ ಗಟ್ಟಿತನಕ್ಕೂ ಜಗಳವೇನಿಲ್ಲ ಎಂಬುದಕ್ಕೆ ಅದೊಂದೇ ಸಾಕ್ಷಿ ಸಾಕು.

ಹಳೆಯ ರೂಪದ ಪರವಾದ ಅತಿ ಬಲವಾದ ವಾದವೆಂದರೆ ಅದು ಮನುಷ್ಯನನ್ನು ನಿಧಾನ ಮಾಡುತ್ತದೆ, ನಿಧಾನವಾದವನು ನೋಡುತ್ತಾನೆ, ನೋಡಿದವನ ಫೋಟೊ ಚೆನ್ನಾಗಿರುತ್ತದೆ ಎಂಬುದು. ಇದರಲ್ಲಿ ಸತ್ಯವಿದೆ. ಹೊಸದಾಗಿ ಕಲಿಯುವ ಹುಡುಗಿಯ ಕೈಗೆ ಶಟರಿಗೊಂದು ಡಯಲು, ಅಪರ್ಚರಿಗೊಂದು ಉಂಗುರ, ಐಎಸ್ಒಗೊಂದು ಗುಂಡಿ ಇರುವ ಕ್ಯಾಮೆರಾ ಕೊಟ್ಟರೆ, ಬೆಳಕೆಂಬುದು ಮೂರು ಕಾಲಿನ ಒಲೆಯ ಹಾಗೆ ನಿಂತಿದೆ ಎಂದು ಅವಳಿಗೆ ಕೈಯಿಂದಲೇ ತಿಳಿಯುತ್ತದೆ. ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸಬೇಕೆಂಬ ಲೆಕ್ಕ ಬಾಯಿಪಾಠ ಬೇಡದೆ ಮನಸ್ಸಿಗೆ ಹತ್ತುತ್ತದೆ. ಮಟಮಟ ಮಧ್ಯಾಹ್ನ ಮಧುಗಿರಿಯ ಏಕಶಿಲಾ ಬೆಟ್ಟದ ಎದುರು ನಿಂತು ಅಪರ್ಚರ್ 16, ಐಎಸ್ಒ 100, ಶಟರ್ 125 ಎಂದು ಮೂರನ್ನೂ ಕೈಯಾರೆ ಹೊಂದಿಸಿ, ಮಾಪಕದ ಸಹಾಯವಿಲ್ಲದೆ ಬಂಡೆಯ ಮೈಯ ಒಂದೊಂದು ಗೀರನ್ನೂ ಹಿಡಿದವರಿಗೆ ಸೂರ್ಯನ ಬೆಳಕು ಎಷ್ಟು ನಂಬಿಕಸ್ಥ ಎಂಬುದು ಮರೆಯದ ಪಾಠ. ಈ ಮಟ್ಟಿಗೆ ಡಯಲುಗಳು ಮೇಷ್ಟರ ಕೆಲಸ ಮಾಡುತ್ತವೆ. ಆದರೆ ನಿಧಾನ ಬೇರೆ, ಅಡ್ಡಿ ಬೇರೆ. ಬೆಳಕಿನ ಬಗ್ಗೆ ಯೋಚಿಸಲು ಹಚ್ಚುವುದು ನಿಧಾನ. ಐಎಸ್ಒ ಉಂಗುರವನ್ನು ಉಗುರಿನಿಂದ ಮೇಲೆತ್ತಲು ಹೆಣಗಿಸುವುದು ಅಡ್ಡಿ. ಆ ಹೊತ್ತಿನಲ್ಲಿ ಮನಸ್ಸು ಇರುವುದು ಬೆಳಕಿನ ಮೇಲಲ್ಲ, ಉಂಗುರದ ಮೇಲೆ. 2019ರ ಫ್ಯೂಜಿ ಎಕ್ಸ್-ಪ್ರೊ3ರ ಪರದೆಯನ್ನು ಒಳಮುಖವಾಗಿ ಮಡಚಿಟ್ಟರು, ತೆಗೆದ ಫೋಟೊ ನೋಡಬೇಕೆಂದರೆ ಬಾಗಿಲಿನ ಹಾಗೆ ಕೆಳಕ್ಕೆ ತೆರೆಯಬೇಕು. ಪರದೆಯನ್ನು ಪದೇಪದೇ ನೋಡದಿರುವ ಶಿಸ್ತು ಬೇಕಾದವರು ಯಾವ ಕ್ಯಾಮೆರಾದಲ್ಲೂ ಪರದೆ ಆರಿಸಿಟ್ಟುಕೊಳ್ಳಬಹುದು. ಶಿಸ್ತನ್ನು ಮನುಷ್ಯ ಇಟ್ಟುಕೊಳ್ಳಬೇಕು, ತಿರುಗಣೆಗೆ ವಹಿಸಿದರೆ ಅದು ಬೇಡದ ಹೊತ್ತಿನಲ್ಲೂ ಅಡ್ಡ ನಿಲ್ಲುತ್ತದೆ.

ಎರಡನೆಯ ವಾದ ಅಂದದ್ದು. ಅಂದವಾದ ಕ್ಯಾಮೆರಾವನ್ನು ಮನೆಯಲ್ಲಿ ಬಿಟ್ಟುಹೋಗಲು ಮನಸ್ಸು ಬಾರದು, ಜೊತೆಗಿರುವ ಕ್ಯಾಮೆರಾವೇ ಫೋಟೊ ತೆಗೆಯುವ ಕ್ಯಾಮೆರಾ, ಆದ್ದರಿಂದ ಅಂದವೂ ಒಂದು ಉಪಯೋಗವೇ ಎನ್ನುತ್ತಾರೆ. ಇದನ್ನು ಒಪ್ಪಲೇಬೇಕು. ಮಧುಗಿರಿ ಬೆಟ್ಟದ ಕಡಿದಾದ ಏರಿನಲ್ಲಿ ಎರಡೂ ಕೈ ಊರಿ ಹತ್ತುವ ಜಾಗಗಳಿವೆ; ಅಲ್ಲಿ ಹೆಗಲಿಗೆ ಹೊರೆಯಾಗದ ಪುಟ್ಟ ಕ್ಯಾಮೆರಾಕ್ಕೆ ಸಾಟಿಯಿಲ್ಲ. ಗೊರವನಹಳ್ಳಿಯಲ್ಲಿ ಹರಕೆ ಹೊತ್ತು ಬಂದವರ ಮುಂದೆ ಮಾರುದ್ದದ ಲೆನ್ಸು ಚಾಚಿದರೆ ಮುಖಗಳು ಬಿಗಿಯುತ್ತವೆ, ಚಿಕ್ಕ ಕ್ಯಾಮೆರಾ ಆ ಬಿಗಿತ ತರುವುದಿಲ್ಲ. ಆದರೆ ಇಲ್ಲಿ ಉಪಕಾರ ಮಾಡಿದ್ದು ಚಿಕ್ಕ ಗಾತ್ರ, ಕಡಿಮೆ ತೂಕ, ಸದ್ದಿಲ್ಲದ ಶಟರು. ಅವು ಹಳೆಯ ರೂಪದ ಜೊತೆ ಬಂದಿವೆ ನಿಜ, ಹಳೆಯ ರೂಪದಿಂದ ಬಂದವಲ್ಲ. ಜೊತೆಗೆ, ಯಾರ ಹಳೆಯದು ಎಂದೂ ಕೇಳಬೇಕು. ಇಂದು ಮರಳಿ ಬಂದಿರುವುದು ಲೈಕಾ, ನಿಕಾನುಗಳ ಹಿತ್ತಾಳೆ, ಚರ್ಮದ ಹಳಮೆ. ನಮ್ಮ ಊರುಗಳ ಸಾಮಾನ್ಯ ಮನೆಗಳಿಗೆ ಅವು ಬಂದದ್ದು ಅಪರೂಪ. ಬಂದಿದ್ದರೆ ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3, ಅದರೊಳಗೆ ಒಂದು ರೀಲಿಗೆ ಹನ್ನೆರಡು ಚೌಕದ ಫೋಟೊ. ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪು ಬಿಳುಪು ರೀಲು. ಆ ಕ್ಲಿಕ್ ಕ್ಯಾಮೆರಾ ಅಗ್ಗದ ಪ್ಲಾಸ್ಟಿಕ್ಕಿನದು, ನೋಡಲು ಗತ್ತಿಲ್ಲ. ಆದರೆ ಬಿಸಿಲಿದೆಯೋ ಮೋಡವಿದೆಯೋ ಎಂದು ಚಿತ್ರ ತೋರಿಸಿ ಕೇಳುವ ಒಂದು ಪುಟ್ಟ ಕೀಲಿ ಅದರಲ್ಲಿತ್ತು. ಓದು ಬಾರದವರೂ ಆಕಾಶ ನೋಡಿ ಅದನ್ನು ಸರಿಸಬಹುದಿತ್ತು. ವಿನ್ಯಾಸ ಎಂಬ ಮಾತಿಗೆ ನಿಜವಾದ ಅರ್ಥ ಕೊಟ್ಟದ್ದು ಅಂಥ ಕೀಲಿ. ಹಳೆಯದರಿಂದ ಏನನ್ನಾದರೂ ತರಬೇಕಿದ್ದರೆ ಮೊದಲು ತರಬೇಕಾದದ್ದು ಆ ಸರಳತೆಯನ್ನು.

ಹಳೆಯದನ್ನು ನೋಡಿ ಹೊಸದನ್ನು ಮಾಡುವುದರಲ್ಲಿ ತಪ್ಪೇನೂ ಇಲ್ಲ ಎನ್ನಲು ಶಿರಾದ ಇತಿಹಾಸವೇ ಸಾಕು. ಮೊಗಲರ ಸುಬೇದಾರರ ಕಾಲದ ಶಿರಾದ ಖಾನ್ ಬಾಗ್ ತೋಟದಿಂದ ಪ್ರೇರಣೆ ಪಡೆದು ಹೈದರಾಲಿ ಬೆಂಗಳೂರಿನ ಲಾಲ್‌ಬಾಗ್ ಮಾಡಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಶಿರಾದ ತೋಟ ಇಂದು ಹೆಸರಾಗಿ ಉಳಿದಿದೆ, ಲಾಲ್‌ಬಾಗ್ ಬೆಳೆಯುತ್ತಲೇ ಬಂದಿದೆ. ಮಾದರಿಯಾಗಿ ತೆಗೆದುಕೊಂಡದ್ದನ್ನು ಅಲ್ಲಿನ ನೀರಿಗೆ, ನೆಲಕ್ಕೆ, ಮುಂದೆ ಬಂದ ಗಿಡಮರಗಳಿಗೆ ತಕ್ಕಂತೆ ಬದಲಿಸಿಕೊಂಡರು, ಅದಕ್ಕೇ ಅದು ಉಳಿಯಿತು. ಕ್ಯಾಮೆರಾದಲ್ಲೂ ಎಕ್ಸ್‌ಪೋಷರ್ ಡಯಲು ಹೀಗೆ ಬದುಕಿ ಬಂದ ಭಾಗ. ಝಡ್ ಎಫ್‌ನ ನೆತ್ತಿಯಲ್ಲಿ ಕಪ್ಪು ಬಿಳುಪಿಗೆ ಕ್ಷಣದಲ್ಲಿ ಹೊರಳಿಸುವ ಕೀಲಿಯೂ ಆ ಜಾತಿಯದು; ನೋಟ ಹಳೆಯದು, ಕೆಲಸ ರೀಲಿನ ಕಾಲದಲ್ಲಿ ಸಾಧ್ಯವೇ ಇಲ್ಲದಿದ್ದದ್ದು. ಕ್ಯಾಮೆರಾ ಕೊಳ್ಳಲು ತುಮಕೂರಿಗೋ ಬೆಂಗಳೂರಿಗೋ ಹೋದವರು ಮಳಿಗೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ಕಣ್ಣು ತೆಗೆಯದೆ, ಅದರ ಮೇಲಿರುವ ಒಂದೊಂದು ಡಯಲನ್ನೂ ಉಂಗುರವನ್ನೂ ಲಿವರನ್ನೂ ಬೆರಳಿನಿಂದಲೇ ಹುಡುಕಿ ತಿರುಗಿಸಿ ನೋಡಬೇಕು. ಕಣ್ಣೆದುರಿನ ಬಿಂಬದಲ್ಲಿ ಬೇಕಾದ ಬದಲಾವಣೆ ಕೂಡಲೇ ಆದರೆ ಆ ಭಾಗ ಎಷ್ಟೇ ಹಳೆಯದಾಗಿ ಕಂಡರೂ ಇಂದಿನದು. ತಿರುಗಿಸಲು ಕಣ್ಣನ್ನು ಕೆಳಗಿಳಿಸಲೇಬೇಕಾದರೆ, ಅಥವಾ ತಿರುಗಿಸಿದರೂ ಏನೂ ಬದಲಾಗದಿದ್ದರೆ, ಅದಕ್ಕೆ ಕೊಡುವ ದುಡ್ಡು ಅಲಂಕಾರದ ಲೆಕ್ಕಕ್ಕೆ ಹೋಗುತ್ತದೆ. ಅಲಂಕಾರಕ್ಕೆ ದುಡ್ಡು ಕೊಡುವುದು ತಪ್ಪಲ್ಲ. ಧಾರೆಯ ನೀರು ಬೀಳುವಾಗ, ಕೃಷ್ಣಮೃಗ ನೆಗೆಯುವಾಗ ಕೈಗೆ ಬರುವುದು ಯಾವುದು ಎಂದು ಅರಿತು ಕೊಡಬೇಕು.